ಕೊಟ್ಟ ಮಾತು ಮತ್ತು ಎಳೆಯ ಮನಸ್ಸು

ಎಳೆಯ ಮಗುವಿನ ಮುಂದೆ ಸಿಹಿತಿಂಡಿಯ ಒಂದು ತುಣುಕನ್ನಿರಿಸಿ, ‘ನಾನು ಮರಳಿ ಬರುವವರೆಗೂ ಇದನ್ನು ತಿನ್ನದೆ ಕಾದಿದ್ದರೆ ಎರಡು ಕೊಡುವೆನು’ ಎಂದು ಹೇಳಿ ಹೊರನಡೆದು, ಅದು ಎಷ್ಟು ಹೊತ್ತು ತಡೆದುಕೊಳ್ಳುವುದೆಂದು ಮರೆಯಿಂದ ನೋಡುವ ಪರೀಕ್ಷೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದ ಉತ್ತರಾರ್ಧದಲ್ಲಿ ಆರಂಭಿಸಿದರು. ಕಾದ ಮಗು ಸಂಯಮಶಾಲಿ, ಕಾಯದ ಮಗು ಚಂಚಲಚಿತ್ತದ್ದು ಎಂಬ ಅರ್ಥವೇ ಜನರಲ್ಲಿ ಬಹುಕಾಲ ರೂಢವಾಯಿತು. ಆದರೆ ಕಾಯುವುದಕ್ಕೆ ಸಂಯಮವೊಂದೇ ಸಾಲದು. ಹೋದವರು ಬಂದೇ ಬರುವರು, ಆಡಿದುದನ್ನು ನಡೆಸಿಯೇ ತೀರುವರು ಎಂಬ ವಿಶ್ವಾಸವೂ ಬೇಕು.

ಆ ವಿಶ್ವಾಸದ ಬಲವೆಷ್ಟೆಂಬುದನ್ನು ಅಳೆದು ತೋರಿಸಿದವರು ಆಗ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಸೆಲೆಸ್ಟ್ ಕಿಡ್ ಮತ್ತು ಅವರ ಸಹೋದ್ಯೋಗಿಗಳು. ಮನೆಯಿಲ್ಲದ ಕುಟುಂಬಗಳ ಆಶ್ರಯಧಾಮವೊಂದರಲ್ಲಿ ಹಿಂದೆ ಸೇವೆ ಸಲ್ಲಿಸಿದ್ದ ಕಿಡ್, ಕೈಯಲ್ಲಿರುವುದನ್ನು ಯಾರು ಯಾವಾಗ ಕಸಿದುಕೊಳ್ಳುವರೋ ಎಂದು ಅಂಜುತ್ತ ಬೆಳೆಯುವ ಮಕ್ಕಳಿಗೆ, ಸಿಕ್ಕಿದುದನ್ನು ಕೂಡಲೆ ತಿಂದುಬಿಡುವುದೇ ವಿವೇಕವಲ್ಲವೆ ಎಂದು ಯೋಚಿಸಿದರು. 2013ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮೂರರಿಂದ ಐದು ವರ್ಷದ 28 ಮಕ್ಕಳಿದ್ದರು. ಮೊದಲು ಸವೆದ ಬಣ್ಣದ ಕಡ್ಡಿಗಳನ್ನು ತೋರಿಸಿ, ಸ್ವಲ್ಪ ಕಾದರೆ ಇವುಗಳಿಗಿಂತ ಒಳ್ಳೆಯವನ್ನು ತರುವುದಾಗಿ ಹೇಳಲಾಯಿತು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದರ್ಧಕ್ಕೆ ‘ತಪ್ಪಾಯಿತು, ಬೇರೆ ಇಲ್ಲ’ ಎಂದು ಬರಿಗೈಯಲ್ಲಿ ಮರಳಿದರು. ಸ್ಟಿಕರುಗಳ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಅನಂತರ ಸಿಹಿತಿಂಡಿ ಬಂದಿತು. ಮಾತು ಉಳಿಸಿಕೊಂಡವರನ್ನು ಕಂಡಿದ್ದ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರೆ, ಮಾತು ತಪ್ಪಿದವರನ್ನು ಕಂಡಿದ್ದ ಮಕ್ಕಳು ಕಾದದ್ದು ಮೂರೇ ನಿಮಿಷ. ಹದಿನೈದು ನಿಮಿಷದ ಅವಧಿಯನ್ನು ಪೂರೈಸಿದವರು ಮೊದಲ ಗುಂಪಿನ 14ರಲ್ಲಿ 9 ಮಂದಿ, ಎರಡನೆಯದರಲ್ಲಿ ಒಬ್ಬ ಮಾತ್ರ.

ಮಕ್ಕಳ ಸಂಖ್ಯೆ ಅಲ್ಪವೆಂಬುದು ನಿಜ. ಆದರೂ ನನ್ನ ಮನಸ್ಸನ್ನು ಬಹುವಾಗಿ ಕಲಕುವ ಸಂಗತಿ ಇದು: ಅಲ್ಲಿ ಗದರಿಕೆಯಿರಲಿಲ್ಲ, ನಿರ್ದಯತೆಯಿರಲಿಲ್ಲ, ಸೌಜನ್ಯದಿಂದಲೇ ತಪ್ಪೊಪ್ಪಿಕೊಂಡರು, ಆದರೂ ಎರಡೇ ಸಲ ಹುಸಿಯಾದ ಮಾತು, ಮೂರನೆಯದನ್ನು ನಂಬದಂತೆ ಮಾಡಿತು.

ಹೀಗಿರುವಾಗ, ಅತ್ತೀತೆಂದು ಅಂಜಿ ಮಗುವಿಗೆ ‘ಈಗ ಬಂದೆ’ ಎಂದು ಹೇಳಿ ಹಿತ್ತಿಲ ಬಾಗಿಲಿನಿಂದ ಕಚೇರಿಗೆ ಹೊರಟುಬಿಡುವುದನ್ನೂ, ಊಟ ಮಾಡದಿದ್ದರೆ ಗುಮ್ಮ ಹಿಡಿದುಕೊಂಡು ಹೋಗುವನೆಂದು ಬೆದರಿಸುವುದನ್ನೂ ನಮ್ಮ ಮನೆಗಳಲ್ಲಿ ನಿರುಪದ್ರವಿಯೆಂದು ಎಣಿಸುವುದು ಸರಿಯಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಹೇಸ್ ಮತ್ತು ಕಾರ್ವರ್ ಎಂಬವರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರಿಂದ ಸುಳ್ಳು ಕೇಳಿದ್ದ ಶಾಲಾವಯಸ್ಸಿನ ಮಕ್ಕಳು, ನೋಡಬಾರದೆಂದ ಆಟಿಕೆಯನ್ನು ಕದ್ದು ನೋಡುವುದೂ, ನೋಡಲಿಲ್ಲವೆಂದು ಸುಳ್ಳಾಡುವುದೂ ಹೆಚ್ಚಾಗಿ ಕಂಡುಬಂದಿತು.

ಆದುದರಿಂದ ಹೊರಡುವಾಗ, ಮಗು ಅತ್ತರೂ ಸರಿಯೆ, ಹೇಳಿಯೇ ಹೊರಡಬೇಕು. ‘ಆಮೇಲೆ’ ಎಂಬ ಗಡುವಿಲ್ಲದ ಮಾತಿಗೆ ಬದಲಾಗಿ, ‘ನೀನು ನಿದ್ದೆ ಮಾಡಿ ಎದ್ದ ಮೇಲೆ’, ‘ದೀಪ ಹಚ್ಚುವ ಹೊತ್ತಿಗೆ’ ಎಂದು, ಅದು ತಾನೇ ಅಳೆದು ನೋಡಬಲ್ಲ ಗಡುವನ್ನು ಹೇಳಬೇಕು. ನಮ್ಮ ಮಾತಿನಂತೆಯೇ ಮಗು ಕೊಟ್ಟ ಮಾತೂ ಉಳಿಯಬೇಕು: ಗೆಳೆಯನಿಂದ ತಂದ ಬುಗುರಿಯನ್ನು ನಾಳೆ ಕೊಡುವೆನೆಂದು ಮಗು ಹೇಳಿ ಬಂದಿದ್ದರೆ, ಮರುದಿನ ಎಷ್ಟೇ ಕೆಲಸವಿರಲಿ, ಅದನ್ನು ಕರೆದುಕೊಂಡು ಆ ಗೆಳೆಯನ ಮನೆಯವರೆಗೆ ಹೋಗಿಬರಬೇಕು.