ಮನೆಯ ಅಕ್ವೇರಿಯಂ: ನೀರಿನ ರಸಸಾರ ಮತ್ತು ಹೊಸ ಮೀನಿನ ಹೊಂದಾಣಿಕೆ

ಮಹಾನಗರದ ಫ್ಲ್ಯಾಟುಗಳಲ್ಲಿ ಹಿತ್ತಿಲಿಲ್ಲ, ಅಂಗಳವಿಲ್ಲ. ಆದುದರಿಂದ ಪ್ರಾಣಿಪ್ರಿಯರಾದ ಅನೇಕರ ಹಜಾರದಲ್ಲಿ ಮೀನಿನ ಗಾಜಿನ ತೊಟ್ಟಿ ಸ್ಥಾನ ಪಡೆದಿದೆ. ಆದರೆ ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆಯಿಂದಲೋ ಚೆನ್ನೈನ ಕೊಳತ್ತೂರಿನಿಂದಲೋ ಆಸೆಯಿಂದ ತಂದ ಮೀನುಗಳು ಎರಡು ಮೂರು ದಿನಗಳಲ್ಲೇ ಸತ್ತು ತೇಲುವುದುಂಟು. ಎಷ್ಟೋ ಮಕ್ಕಳಿಗೆ ಸಾವಿನ ಮೊದಲ ಪರಿಚಯವಾಗುವುದು ಹೀಗೆಯೇ. ಅಂಗಡಿಯವನನ್ನು ದೂರುವುದು ಸುಲಭ. ಆದರೆ ಕಾರಣ ಹಲವು ವೇಳೆ ನಮ್ಮ ತೊಟ್ಟಿಯ ನೀರಿನಲ್ಲೇ ಇರುತ್ತದೆ.

ರಸಸಾರವೆಂದರೇನು?

ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದನ್ನು ತಿಳಿಸುವ ಅಳತೆಯೇ ರಸಸಾರ, ಅಂದರೆ ಪಿ.ಎಚ್. 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ಈ ಅಳತೆಯಲ್ಲಿ ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ. ಹೀಗಾಗಿ 7ರಿಂದ 8ಕ್ಕೆ ಏರುವುದು ನಮಗೆ ಅಲ್ಪವೆನಿಸಿದರೂ ಮೀನಿಗೆ ಅಲ್ಪವಲ್ಲ.

ಅಮೆಜಾನ್ ಪ್ರದೇಶದ ನಿಯಾನ್ ಟೆಟ್ರಾಕ್ಕೆ ಮೆದುವಾದ, ತುಸು ಆಮ್ಲೀಯ ನೀರು ಹಿತ. ಗಪ್ಪಿ, ಮಾಲಿಗಳಿಗೆ ಗಡಸು ನೀರು ಒಗ್ಗುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು 8ರ ಆಸುಪಾಸನ್ನು ಬಯಸುತ್ತವೆ. ಇವೆಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಕೂಡಿಹಾಕುವುದು ಸಲ್ಲದು. ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಸಿಹಿನೀರಿನ ಮೀನುಗಳಲ್ಲಿ ಹೆಚ್ಚಿನವು 6.5ರಿಂದ 7.5ರವರೆಗಿನ ನೀರಿನಲ್ಲಿ ಸುಖವಾಗಿರುತ್ತವೆ.

ಅಂಕಕ್ಕಿಂತ ಸ್ಥಿರತೆ ಮುಖ್ಯ

ಮಳೆನೀರು ತುಂಬಿದ ಜಲಾಶಯದ ನೀರು ಸಾಮಾನ್ಯವಾಗಿ ಮೆದು. ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು ರಸಸಾರ ಥಟ್ಟನೆ ಕುಸಿಯದಂತೆ ತಡೆಯುತ್ತದೆ. ಆರ್.ಓ. ಯಂತ್ರದ ನೀರಿನಲ್ಲಿ ಈ ರಕ್ಷಣೆ ಬಹಳ ಕಡಿಮೆ. ಆದ್ದರಿಂದ ಅದನ್ನೊಂದನ್ನೇ ತುಂಬದೆ ನಲ್ಲಿಯ ನೀರಿನೊಡನೆ ಬೆರೆಸಬೇಕು.

ನಿಂಬೆರಸ, ವಿನಿಗರ್ ಅಥವಾ ಅಂಗಡಿಯ ರಾಸಾಯನಿಕ ಸುರಿದು ಅಂಕವನ್ನು ಇಳಿಸಲು ಹೊರಡುವುದು ಅಪಾಯಕರ. ಬೈಕಾರ್ಬೊನೇಟು ತೀರುವವರೆಗೆ ರಸಸಾರ ಮತ್ತೆ ಏರುತ್ತದೆ. ತೀರಿದ ಮೇಲೆ ಒಮ್ಮೆಲೇ ಬೀಳುತ್ತದೆ. ಈ ಏರಿಳಿತವೇ ಮೀನಿಗೆ ಮಾರಕ. ಅಲಂಕಾರಕ್ಕೆಂದು ಇಡುವ ಚಿಪ್ಪು, ಹವಳದ ಚೂರು, ಅಮೃತಶಿಲೆಗಳು ನಿಧಾನವಾಗಿ ಕರಗಿ ರಸಸಾರವನ್ನು ಏರಿಸುತ್ತವೆಂಬುದೂ ನೆನಪಿರಲಿ. ನಮ್ಮ ಊರಿನ ನೀರಿಗೆ ಒಗ್ಗುವ ಮೀನನ್ನೇ ಆರಿಸಿಕೊಳ್ಳುವುದು ಜಾಣತನ.

ಹಳೆಯ ಮೀನು ಉಳಿದು ಹೊಸದೇಕೆ ಸಾಯುತ್ತದೆ?

ಮೀನಿನ ತ್ಯಾಜ್ಯದಿಂದ ಅಮೋನಿಯಾ ಉಂಟಾಗುತ್ತದೆ. ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಈ ಕ್ರಿಯೆಯಲ್ಲಿ ಆಮ್ಲವೂ ಹುಟ್ಟುವುದರಿಂದ, ನೀರು ಬದಲಿಸದ ತೊಟ್ಟಿಯ ರಸಸಾರ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಹಳೆಯ ಮೀನುಗಳು ಅದಕ್ಕೆ ಒಗ್ಗಿಹೋಗಿರುತ್ತವೆ. ಹೊಸದಕ್ಕೆ ಅದು ಒಮ್ಮೆಲೇ ಬೀಳುವ ಪೆಟ್ಟು.

ಇನ್ನೊಂದು ಸೂಕ್ಷ್ಮವಿದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುಪಾಲು ನಿರಪಾಯಕರವಾದ ಅಮೋನಿಯಂ ರೂಪದಲ್ಲಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ರಸಸಾರ 7 ಇದ್ದಾಗ ವಿಷರೂಪದ ಪಾಲು ಸುಮಾರು ಶೇ. 0.6, 8 ಆದರೆ ಸುಮಾರು ಶೇ. 5. ಆದುದರಿಂದ ಬಹುಕಾಲ ಕಡೆಗಣಿಸಿದ ತೊಟ್ಟಿಯ ನೀರನ್ನು ಒಂದೇ ದಿನ ಪೂರ್ತಿ ಬದಲಿಸಬಾರದು. ಸ್ವಲ್ಪಸ್ವಲ್ಪವಾಗಿ ಹಲವು ದಿನಗಳಲ್ಲಿ ಬದಲಿಸಬೇಕು.

ಹೊಸ ಮೀನನ್ನು ಬಿಡುವ ಕ್ರಮ

ಮೊದಲು ತೊಟ್ಟಿಯ ದೀಪ ಆರಿಸಿ. ಕಟ್ಟಿದ ಚೀಲವನ್ನು ಹಾಗೆಯೇ 15–20 ನಿಮಿಷ ನೀರಿನ ಮೇಲೆ ತೇಲಬಿಡಿ, ಉಷ್ಣಾಂಶ ಸಮವಾಗುತ್ತದೆ. ಬಳಿಕ ಚೀಲ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ಒಂದು ಸಣ್ಣ ಲೋಟದಷ್ಟು ತೊಟ್ಟಿಯ ನೀರನ್ನು ಅದಕ್ಕೆ ಸೇರಿಸಿ. ನೀರು ಎರಡು ಮೂರು ಪಟ್ಟಾದ ಮೇಲೆ ಮೀನನ್ನು ಬಲೆಯಿಂದ ಎತ್ತಿ ತೊಟ್ಟಿಗೆ ಬಿಡಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ, ಅದರಲ್ಲಿ ರೋಗಾಣುಗಳಿರಬಹುದು.

ದೂರದ ಊರಿನಿಂದ ಹಲವು ಗಂಟೆ ಪಯಣಿಸಿ ಬಂದ ಮೀನಿಗೆ ಮಾತ್ರ ಈ ನಿಧಾನ ಕ್ರಮ ಬೇಡ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿ ರಸಸಾರ ಇಳಿದಿರುತ್ತದೆ, ಅಮೋನಿಯಂ ಶೇಖರವಾಗಿರುತ್ತದೆ. ಚೀಲ ತೆರೆದೊಡನೆ ಅನಿಲ ಹೊರಹೋಗಿ ರಸಸಾರ ಏರಿ, ಅಮೋನಿಯಂ ವಿಷವಾಗಿ ಮಾರ್ಪಡುತ್ತದೆ. ಇಂತಹ ಸಂದರ್ಭದಲ್ಲಿ ಉಷ್ಣಾಂಶ ಸರಿಹೊಂದಿಸಿ, ಚೀಲ ಬಿಚ್ಚಿದ ಕೂಡಲೇ ಮೀನನ್ನು ಶುದ್ಧ ನೀರಿಗೆ ಸೇರಿಸುವುದು ಲೇಸು.

ವಾರದ ಕರ್ತವ್ಯ

ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸಿ. ನಲ್ಲಿಯ ನೀರಿನ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ. ಕ್ಲೋರಮಿನ್ ಹಾಗೆ ಹೋಗದು, ಅದಕ್ಕೆ ನೀರು ಹದಗೊಳಿಸುವ ದ್ರಾವಣ ಬೇಕು. ರಸಸಾರವನ್ನು ಹನಿ ಪರೀಕ್ಷೆಯಿಂದ ನೋಡಿ, ಬಂದ ಅಂಕವನ್ನು ಬರೆದಿಡಿ. ಮನೆಯ ಮಕ್ಕಳಿಗೇ ಈ ಕೆಲಸ ವಹಿಸಿದರೆ ಶಾಲೆಯ ರಸಾಯನಶಾಸ್ತ್ರದ ಪಾಠ ಅವರಿಗೆ ಕಣ್ಣೆದುರೇ ಕಾಣಸಿಗುತ್ತದೆ. ಒಂದು ಜೀವದ ಹೊಣೆ ಹೊರುವುದನ್ನೂ ಅವರು ಕಲಿಯುತ್ತಾರೆ.