ಕ್ರೆಟಾ ದುಡ್ಡಿಗೆ ಬಿಎಂಡಬ್ಲ್ಯು 530ಡಿ ಸಿಗುತ್ತೆ, ಸರಿ, ಆಮೇಲೆ?

ತಿಪಟೂರು: ಕೊಬ್ಬರಿಗೆ ಒಳ್ಳೇ ರೇಟು ಬಂತು ಅಂದ್ರೆ ಊರಲ್ಲಿ ಮೊದಲು ಬದಲಾಗೋದು ಗಾಡಿ. ಎಪಿಎಂಸಿ ಗೇಟಿನ ಹತ್ತಿರ ಬೊಲೆರೊ, ಇನ್ನೋವಾ ಸಾಲಿನ ಮಧ್ಯೆ ಈಗ ಒಂದೊಂದು ಬಿಎಂಡಬ್ಲ್ಯು, ಆಡಿನೂ ಕಾಣ್ತಿವೆ. ನಂಬರ್ ಪ್ಲೇಟ್ ನೋಡಿದ್ರೆ ಡಿಎಲ್, ಎಚ್‌ಆರ್. ಮೊನ್ನೆ ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಫೋನ್ ಮಾಡಿ, “ಅಣ್ಣ, ಡೆಲ್ಲಿ ಗಾಡಿ, ಬಿಎಂಡಬ್ಲ್ಯು 530ಡಿ. ಸ್ಟೇಜ್ ಒನ್ ಟ್ಯೂನ್ ಬೇರೆ ಆಗಿದೆಯಂತೆ. ಹೊಸ ಕ್ರೆಟಾ ರೇಟಿಗೇ ಕೊಡ್ತಾರಂತೆ. ತಗೊಳ್ಲಾ, ಬ್ಯಾಡ್ವಾ?” ಅಂತ ಕೇಳಿದ್ರು. ಫೋನಲ್ಲಿ ಹೂಂ, ಊಹೂಂ ಅಂತ ಹೇಳಿ ಮುಗಿಸೋ ವಿಷಯ ಅಲ್ಲ ಇದು. ಅಂಗಡಿಗೆ ಹಾಕೋ ಬಂಡವಾಳದಷ್ಟು ದುಡ್ಡಿನ ಮಾತು. ಅದಕ್ಕೇ ಇಲ್ಲಿ ವಿವರವಾಗಿ ಬರೀತಿದ್ದೀವಿ.

ಮೊದಲು ಈ ರೇಟಿನ ಗುಟ್ಟು. 2010ರಿಂದ 2017ರವರೆಗೆ ಇಲ್ಲಿ ಮಾರಾಟವಾದ ಈ 5 ಸೀರೀಸ್ ಗಾಡಿ ಹೊಸದಿದ್ದಾಗ ಆನ್‌ರೋಡ್ ಅರ್ಧ ಕೋಟಿಗೂ ಮೇಲೆ. ಐಷಾರಾಮಿ ಗಾಡಿಗಳ ಬೆಲೆ ಮೊದಲ ನಾಲ್ಕೈದು ವರ್ಷದಲ್ಲೇ ದಬದಬ ಅಂತ ಇಳಿಯುತ್ತೆ, ಯಾಕಂದ್ರೆ ಹೊಸದು ಕೊಳ್ಳೋ ಶಕ್ತಿ ಇರೋರು ಹಳೇದನ್ನ ಮುಟ್ಟಲ್ಲ, ಹಳೇದು ಕೊಳ್ಳೋರಿಗೆ ಅದರ ಖರ್ಚು ಹೆದರಿಸುತ್ತೆ. ಡೆಲ್ಲಿ ಗಾಡಿ ಇನ್ನೂ ಸೋವಿ ಆಗೋಕೆ ಬೇರೆ ಕಾರಣ ಇದೆ. 10 ವರ್ಷ ದಾಟಿದ ಡೀಸೆಲ್ ಗಾಡಿ ರಾಜಧಾನಿ ವಲಯದಲ್ಲಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡೀತು. ಆಮೇಲೆ ಆ ವಿಷಯದಲ್ಲಿ ಕೋರ್ಟಿನಲ್ಲಿ ತಿರುವುಗಳು ಬಂದಿವೆ, ಆದ್ರೆ ಎಂಟೊಂಬತ್ತು ವರ್ಷದ ಡೀಸೆಲ್ ಗಾಡಿನ ದಕ್ಷಿಣಕ್ಕೆ ಸಾಗಿಸೋ ವ್ಯಾಪಾರ ಆಗಲೇ ಬೇರುಬಿಟ್ಟಿತ್ತು.

ಹಾಗಂತ ಗಾಡಿ ಕೆಟ್ಟದ್ದು ಅಂತ ಅಲ್ಲ. ಆರು ಸಿಲಿಂಡರ್, 3 ಲೀಟರ್ ಡೀಸೆಲ್ ಇಂಜಿನ್, ಮೊದಲು 245 ಎಚ್‌ಪಿ, 2013ರ ನಂತರದ್ದರಲ್ಲಿ 258 ಎಚ್‌ಪಿ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 6 ಸೆಕೆಂಡ್ ಆಸುಪಾಸು. ಓಡಿಸಿದ ಯಾರೂ ಬೇಜಾರಾಗಿ ಇಳಿಯಲ್ಲ. ತೊಂದರೆ ಅಲ್ಲೇ ಇರೋದು: ಟೆಸ್ಟ್ ಡ್ರೈವ್ ಮುಗಿಸಿ ಇಳಿದ ಮೇಲೆ ತಲೆ ಲೆಕ್ಕ ಹಾಕೋದು ಬಿಟ್ಟಿರುತ್ತೆ.

ಸ್ಟೇಜ್ ಒನ್ ಅಂದ್ರೆ ಏನು?

ಇಂಜಿನ್ನಿಗೆ ಎಷ್ಟು ಡೀಸೆಲ್ ಬಿಡಬೇಕು, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತಳ್ಳಬೇಕು ಅನ್ನೋದನ್ನ ಇಸಿಯು ಅನ್ನೋ ಕಂಪ್ಯೂಟರ್ ಪೆಟ್ಟಿಗೆ ತೀರ್ಮಾನ ಮಾಡುತ್ತೆ. ಕಂಪನಿ ಒಂದು ಮಿತಿ ಹಾಕಿ ಕಳಿಸಿರುತ್ತೆ. ಟ್ಯೂನರ್ ಲ್ಯಾಪ್‌ಟಾಪ್ ಹಾಕಿ ಆ ಮಿತಿ ಎತ್ತರಿಸ್ತಾನೆ. ಯಾವ ಪಾರ್ಟೂ ಬದಲಾಯಿಸದೆ ಬರೀ ಸಾಫ್ಟ್‌ವೇರ್ ಬದಲಾಯಿಸಿದ್ರೆ ಸ್ಟೇಜ್ ಒನ್. ಸೈಲೆನ್ಸರ್‌ನ ಮುಂದಿನ ಪೈಪು, ಇಂಟರ್‌ಕೂಲರ್ ಇವೆಲ್ಲ ಬದಲಾಯಿಸಿದ್ರೆ ಸ್ಟೇಜ್ ಟೂ. ಈ ಗಾಡಿನ 300 ಎಚ್‌ಪಿ ದಾಟಿಸ್ತೀವಿ ಅಂತ ಟ್ಯೂನರ್‌ಗಳು ಹೇಳೋದು ಸುಳ್ಳಲ್ಲ, ಆಗುತ್ತೆ.

ಆದ್ರೆ ಶಕ್ತಿ ಸುಮ್ನೆ ಬರಲ್ಲ. ಟರ್ಬೊ ಬಿಸಿ ಜಾಸ್ತಿ, ಗೇರ್‌ಬಾಕ್ಸ್ ಮೇಲೆ ಒತ್ತಡ ಜಾಸ್ತಿ. ಈ ಮಾಡೆಲ್ಲಿನ ಪುಣ್ಯ ಏನಂದ್ರೆ ಜರ್ಮನಿಯ ಜಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್ ಗಟ್ಟಿ ಮಾಲು. 8ಎಚ್‌ಪಿ70 ಅನ್ನೋ ಹೆಸರಿನಲ್ಲಿರೋ 70, ಸುಮಾರು 700 ನ್ಯೂಟನ್ ಮೀಟರ್ ಟಾರ್ಕ್ ತಡ್ಕೊಳ್ಳೋ ದರ್ಜೆ. ಕಂಪನಿ ಕೊಟ್ಟಿರೋದು 540ರಿಂದ 560. ಅಂದ್ರೆ ಹದವಾಗಿ ಟ್ಯೂನ್ ಮಾಡಿದ್ರೆ ಜಾಗ ಇದೆ. ಅದೇ 320ಡಿ ಗಾಡಿಯ ಹಳೇ ಮಾಡೆಲ್ಲಲ್ಲಿ ಇರೋದು 8ಎಚ್‌ಪಿ45. ಅದರ ಮೇಲೆ ಅಷ್ಟೇ ಜೋರು ಮಾಡೋಕೆ ಹೋದ್ರೆ ಗೇರ್‌ಬಾಕ್ಸ್ ಅಳುತ್ತೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಇಂಜಿನ್ ಟ್ಯೂನ್ ಮಾಡಿಸಿದೋರು ಬ್ರೇಕ್ ಹಾಗೇ ಬಿಟ್ಟಿರ್ತಾರೆ. ಸುಮಾರು 1,700 ಕೆ.ಜಿ. ತೂಕದ ಗಾಡಿ, ಏಳು ವರ್ಷ ಹಳೇ ಡಿಸ್ಕು, ಯಾವಾಗ ಬದಲಾಯಿಸಿದ್ರೋ ಗೊತ್ತಿಲ್ಲದ ಬ್ರೇಕ್ ಆಯಿಲ್. ಹೋಗೋದು ಎಲ್ಲರಿಗೂ ಬೇಕು, ನಿಲ್ಲೋದರ ಬಗ್ಗೆ ಕೇಳೋರಿಲ್ಲ.

ಕಾನೂನು ಏನನ್ನುತ್ತೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಕೆಳಗೆ ನಿಯಮಬಾಹಿರ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಗಮನಿಸಿ, ಮಾಲೀಕನಿಗೆ. “ಹಿಂದಿನ ಓನರ್ ಮಾಡಿಸಿದ್ದು ಸಾರ್” ಅಂದ್ರೆ ರಸ್ತೆ ಮೇಲೆ ಯಾರೂ ಕೇಳಲ್ಲ. ಸೈಲೆನ್ಸರ್ ಶಬ್ದ, ಹೊಗೆ ಜಾಸ್ತಿ ಇದ್ರೆ 190ನೇ ಸೆಕ್ಷನ್ ಬೇರೆ ಇದೆ, ಅಲ್ಲಿ ದಂಡ 10,000 ರೂಪಾಯಿವರೆಗೆ, ಮೂರು ತಿಂಗಳು ಲೈಸೆನ್ಸ್ ಅಮಾನತು.

ಸಾಫ್ಟ್‌ವೇರ್ ಟ್ಯೂನ್ ಕಣ್ಣಿಗೆ ಕಾಣಲ್ಲ, ಹಂಗಾಗಿ ಟ್ರಾಫಿಕ್ ಪೊಲೀಸರು ಹಿಡಿಯೋದು ಕಮ್ಮಿ. ಅದನ್ನ ಹಿಡಿಯೋದು ವಿಮೆಯವರು. ಗಾಡಿ ಜೋರು ಅಪಘಾತ ಆಗಿ ದೊಡ್ಡ ಕ್ಲೇಮ್ ಹಾಕಿದಾಗ ಸರ್ವೇಯರ್ ಬಂದು ಫೋಟೊ ತೆಗೀತಾರೆ, ಬದಲಾದ ಪಾರ್ಟು ಪಟ್ಟಿ ಮಾಡ್ತಾರೆ. ತಿಳಿಸದೇ ಮಾಡಿಸಿದ ಬದಲಾವಣೆ ಸಿಕ್ರೆ ಕ್ಲೇಮ್ ತಿರಸ್ಕರಿಸೋಕೆ ಅವರಿಗೆ ಕಾರಣ ಸಿಕ್ಕ ಹಾಗೆ. ಪಾಲಿಸಿ ನಿಮ್ಮ ಹೆಸರಿಗೆ ವರ್ಗ ಮಾಡಿಸೋಕೆ ಇರೋ ಗಡುವು 14 ದಿನ, ಅದನ್ನೂ ಮರೀಬೇಡಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಗಾಡಿ ಜೊತೆ ನಿಮಗೆ ಬರಲ್ಲ, ಅದು ಅವರದ್ದು.

ನಿಜವಾದ ಏಟು: ತೆರಿಗೆ

ಡೆಲ್ಲಿ ಗಾಡಿ ನಿಮ್ಮ ಹೆಸರಿಗೆ ಆಗಬೇಕಾದ್ರೆ ಅಲ್ಲಿಂದ ಎನ್‌ಒಸಿ (ಫಾರಂ 28) ತಂದು ಇಲ್ಲಿ ಕೆಎ-44 ನಂಬರ್ ಮಾಡಿಸಬೇಕು. ಆಗ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ತೆರಿಗೆ ಶೇ 18, ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸಿನ ಪ್ರಕಾರ ಕಡಿತ ಇದೆ. ಆದ್ರೆ ಲೆಕ್ಕ ಶುರುವಾಗೋದು ನೀವು ಕೊಟ್ಟ ದುಡ್ಡಿನಿಂದ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯಿಂದ. ಇಲ್ಲೇ ಎಲ್ಲರೂ ಎಡವೋದು. ಮೂಲ ಇನ್‌ವಾಯ್ಸ್ 55 ಲಕ್ಷ ಅಂತ ಇಟ್ಕೊಳ್ಳಿ. ಶೇ 18 ಅಂದ್ರೆ 9 ಲಕ್ಷ 90 ಸಾವಿರ. ವಯಸ್ಸಿನ ಕಡಿತದಲ್ಲಿ ಅದು ಅರ್ಧಕ್ಕೆ ಇಳಿದ್ರೂ ಐದು ಲಕ್ಷದ ಹತ್ತಿರ. ಡೆಲ್ಲಿಯಲ್ಲಿ ಉಳಿಸಿದ್ದು ಇಲ್ಲಿ ಹೋಯ್ತು. ಅಡ್ವಾನ್ಸ್ ಕೊಡೋ ಮುಂಚೆ ಆರ್‌ಸಿ ನಕಲು ಹಿಡ್ಕೊಂಡು ಆರ್‌ಟಿಒ ಕಚೇರಿಗೆ ಹೋಗಿ ಎಷ್ಟಾಗುತ್ತೆ ಅಂತ ಬರೆಸ್ಕೊಂಡು ಬನ್ನಿ. ಏಜೆಂಟ್ ಬಾಯಿಮಾತು ಬೇಡ.

“ಡಿಎಲ್ ನಂಬರಲ್ಲೇ ಓಡಿಸೋಣ ಬಿಡಿ, ನಮ್ಮೂರಲ್ಲಿ ಯಾರು ಕೇಳ್ತಾರೆ” ಅನ್ನೋರಿಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನ ಒಂದೇ ಕಾರ್ಯಾಚರಣೆಯಲ್ಲಿ ಹಿಡಿದ್ರು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯಿಂದ 1 ಕೋಟಿ 41 ಲಕ್ಷಕ್ಕೂ ಹೆಚ್ಚು ವಸೂಲಾಯ್ತು. ಬೆಂಗಳೂರಿಗೆ ವಾರಕ್ಕೊಮ್ಮೆ ಮಾಲು ತರೋಕೆ ಹೋಗೋರು ನೆಲಮಂಗಲ ಟೋಲ್ ದಾಟಲೇಬೇಕಲ್ಲ.

ದುಡ್ಡಿನ ವಿಷಯ ಬಂತು, ವ್ಯಾಪಾರಿಗಳಿಗೆ ಇನ್ನೊಂದು: ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಮೇಲ್ಪಟ್ಟು ನಗದು ತಗೊಂಡ್ರೆ ಆದಾಯ ತೆರಿಗೆ ಕಾಯ್ದೆಯಲ್ಲಿ ತಗೊಂಡವನಿಗೆ ಅಷ್ಟೇ ಮೊತ್ತದ ದಂಡ. ನಿಮ್ಮ ಹಳೇ ಇನ್ನೋವಾ ಮಾರುವಾಗ ತಗೊಳ್ಳೋರು ನೀವೇ ಆಗಿರ್ತೀರಿ.

ಗಾಡಿ ನೋಡೋಕೆ ಹೋದಾಗ

ಬೆಳಿಗ್ಗೆ ಹೋಗಿ. ಇಂಜಿನ್ ತಣ್ಣಗಿರಬೇಕು, ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಈ ಇಂಜಿನ್ನಿನ ಟೈಮಿಂಗ್ ಚೈನು ಮುಂದೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ಸವೆದಿದ್ರೆ ತಣ್ಣಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಹಿಂದಿನಿಂದ ಗರಗರ ಅಂತ ಸಪ್ಪಳ ಬರುತ್ತೆ, ಬಿಸಿಯಾದ ಮೇಲೆ ಅಡಗುತ್ತೆ. ಬದಲಾಯಿಸೋಕೆ ಇಂಜಿನ್ನೋ ಗೇರ್‌ಬಾಕ್ಸೋ ಇಳಿಸಬೇಕು, ಖರ್ಚು ಲಕ್ಷದ ಲೆಕ್ಕ. ತುಂಡಾದ್ರೆ ಇಂಜಿನ್ನೇ ಹೋಯ್ತು. ಮಾರೋನು ನೀವು ಬರೋಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿ ಇಟ್ಟಿದ್ರೆ ಅನುಮಾನ ಪಡಿ.

ಎರಡನೇದು ಇಜಿಆರ್ ಕೂಲರ್. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸಾಲುಸಾಲು ಬಿಎಂಡಬ್ಲ್ಯು ಡೀಸೆಲ್ ಗಾಡಿಗಳು ಬೆಂಕಿ ಹತ್ಕೊಂಡಿದ್ದು ನೆನಪಿರಬಹುದು. ಈ ಕೂಲರಿಂದ ಸೋರಿದ ಕೂಲೆಂಟ್ ಮಸಿ ಜೊತೆ ಸೇರಿ ಹೊತ್ಕೊಳ್ತಿತ್ತು. ಕಂಪನಿ ಜಗತ್ತಿನಾದ್ಯಂತ ಲಕ್ಷಾಂತರ ಗಾಡಿ ವಾಪಸ್ ಕರೆಸಿ ಸರಿ ಮಾಡ್ತು. ನೀವು ನೋಡ್ತಿರೋ ಗಾಡಿಗೆ ಅಂಥ ಕೆಲಸ ಬಾಕಿ ಇದೆಯಾ ಅಂತ ಚಾಸಿಸ್ ನಂಬರ್ ಕೊಟ್ಟು ಅಧಿಕೃತ ಡೀಲರ್ ಹತ್ತಿರ ಕೇಳಿ. ಅಲ್ಲೇ ಸರ್ವೀಸ್ ಇತಿಹಾಸನೂ ಕೇಳಿ: ಯಾವ ತಾರೀಖಿಗೆ ಎಷ್ಟು ಕಿಲೋಮೀಟರ್ ಅಂತ. ಮೀಟರ್ ಹಿಂದಕ್ಕೆ ತಿರುಗಿಸೋದು ಈಗ ಹತ್ತು ನಿಮಿಷದ ಕೆಲಸ. ಆದ್ರೆ ಓಡಿದ ದೂರ ಬೇರೆ ಬೇರೆ ಕಂಪ್ಯೂಟರ್ ಪೆಟ್ಟಿಗೆಗಳಲ್ಲೂ ದಾಖಲಾಗಿರುತ್ತೆ, ಸ್ಕ್ಯಾನರ್ ಹಾಕಿ ನೋಡೋ ಮೆಕ್ಯಾನಿಕ್ ಜೊತೆಗಿದ್ರೆ ಬಣ್ಣ ಬಯಲಾಗುತ್ತೆ.

ನೀರಲ್ಲಿ ಮುಳುಗಿದ ಗಾಡಿ ಬಗ್ಗೆ ಎಚ್ಚರ. 2015ರ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದ್ದು, ಎರಡರಲ್ಲೂ ಕೋಟಿ ಬೆಲೆಯ ಕಾರುಗಳು ನೀರು ಕುಡಿದಿವೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೇ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಡಿಕ್ಕಿ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸೆಂಟು ಘಮ್ಮಂತಿದ್ರೆ ಅದೂ ಒಂದು ಸುಳಿವೇ.

ಇನ್ನು ಟ್ಯೂನ್ ಆದ ಗಾಡಿಗೆ ವಿಶೇಷವಾಗಿ ಮೂರು ಪ್ರಶ್ನೆ ಕೇಳಿ. ಟ್ಯೂನ್ ಮಾಡಿದ್ದು ಯಾರು, ಬಿಲ್ ಇದೆಯಾ? ಕಂಪನಿಯ ಮೂಲ ಫೈಲ್ ಉಳಿಸಿದ್ದಾರಾ? ಬಿಚ್ಚಿದ ಒರಿಜಿನಲ್ ಪಾರ್ಟ್ ಎಲ್ಲಿ? ಮೂರಕ್ಕೂ ಉತ್ತರ ಇದ್ರೆ ಗಾಡಿನ ಮೂಲ ಸ್ಥಿತಿಗೆ ತರಬಹುದು, ಆಮೇಲೆ ವಿಮೆಗೂ ಆರ್‌ಟಿಒಗೂ ತೊಂದರೆ ಇಲ್ಲ. ಪಾರ್ಟು ಗುಜರಿಗೆ ಹೋಗಿದ್ರೆ ಅದನ್ನ ಹೊಸದಾಗಿ ಕೊಳ್ಳೋ ಬೆಲೆನ ಚೌಕಾಸಿಯಲ್ಲಿ ಕಳೀರಿ, ಇಲ್ಲಾ ಬಿಟ್ಟುಬಿಡಿ.

ನಮ್ಮೂರಲ್ಲಿ ಇಟ್ಕೊಳ್ಳೋದು

ನಮ್ಮ ಅಂಗಡಿಯವರ ಓಡಾಟ ಹೇಗೆ? ಬೆಳಿಗ್ಗೆ ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ಮಧ್ಯಾಹ್ನ ಊಟಕ್ಕೆ ವಾಪಸ್, ರಾತ್ರಿ ಮತ್ತೆ. ಈ ಇಂಜಿನ್ನಿಗೆ ಇದಕ್ಕಿಂತ ಕೆಟ್ಟ ಜೀವನ ಇಲ್ಲ. ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರೋ ಡೀಸೆಲ್ ಗಾಡಿ ಆ ಮಸಿನ ಸುಟ್ಟು ಖಾಲಿ ಮಾಡೋಕೆ ಹೈವೇಯಲ್ಲಿ ಆಗಾಗ ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮ ಓಡಬೇಕು. ಓಡದಿದ್ರೆ ಕಟ್ಕೊಳ್ಳುತ್ತೆ, ಲೈಟ್ ಹತ್ತುತ್ತೆ. ಆಗ ಯಾರೋ “ಡಿಪಿಎಫ್ ಕಿತ್ತು ಹಾಕ್ಬಿಡಿ ಸಾರ್, ಕಮ್ಮಿ ಖರ್ಚು” ಅಂತಾರೆ. ಕಿತ್ತ ದಿನದಿಂದ ನಿಮ್ಮ ಗಾಡಿ ಕಾನೂನಿನ ಆಚೆ. ಮಾರೋಕೆ ಬಂದ ಎಷ್ಟೋ ಟ್ಯೂನ್ ಗಾಡಿಗಳ ಕತೆ ಹೀಗೇ ಶುರುವಾಗಿರುತ್ತೆ, ಸ್ಪೀಡಿನ ಹುಚ್ಚಿಂದ ಅಲ್ಲ.

ಕಂಪನಿಯಿಂದಲೇ ಈ ಗಾಡಿ ನೆಲದಿಂದ ಸುಮಾರು 140 ಮಿ.ಮೀ. ಎತ್ತರ. ಮೂರು ಸೆಂಟಿಮೀಟರ್ ತಗ್ಗಿಸೋ ಸ್ಪ್ರಿಂಗ್ ಹಾಕ್ಸಿದ್ರೆ ಉಳಿಯೋದು 11 ಸೆಂಟಿಮೀಟರ್. ಹಳ್ಳಿ ಹಂಪುಗಳು, ತೋಟದ ದಾರಿ ನೆನಪಿಸ್ಕೊಳ್ಳಿ. 20 ಇಂಚಿನ ಚಕ್ರ ಹಾಕಿದ ಗಾಡಿ ಇನ್ನೂ ನಾಜೂಕು. ಟೈರಿನ ಪಕ್ಕೆ ತೆಳ್ಳಗಿರೋದ್ರಿಂದ ಒಂದು ಗುಂಡಿಗೆ ಬಿದ್ರೆ ಟೈರ್ ಉಬ್ಬುತ್ತೆ, ರಿಮ್ ಬೆಂಡಾಗುತ್ತೆ. ರನ್‌ಫ್ಲ್ಯಾಟ್ ಟೈರಿದ್ರೆ ಪಂಕ್ಚರ್ ಆದ್ರೂ 80 ಕಿ.ಮೀ. ವೇಗದೊಳಗೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ನಮ್ಮೂರಿಂದ ಬೆಂಗಳೂರು ಸುಮಾರು 140 ಕಿ.ಮೀ., ಲೆಕ್ಕ ನೀವೇ ಹಾಕಿ.

ಕೆಟ್ಟು ನಿಂತ್ರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸೋ ಹಾಗಿಲ್ಲ. ಹಿಂದಿನ ಚಕ್ರ ಉರುಳಿದ್ರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಇಲ್ಲದೆ ತಿರುಗಿ ಹಾಳಾಗುತ್ತೆ. ಚಪ್ಪಟೆ ಟ್ರಕ್ ಮೇಲೇ ಹೇರಬೇಕು. ಬ್ಯಾಟರಿ ಬದಲಾಯಿಸಿದ್ರೂ ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರಲ್ಲಿ ‘ಹೊಸದು ಹಾಕಿದೆ’ ಅಂತ ತಿಳಿಸಬೇಕು. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು ಅಂತ ಗಾಡಿ ಮಾರುವಾಗ ಹೇಳ್ತಾರೆ. ಗೇರ್‌ಬಾಕ್ಸ್ ಮಾಡಿದ ಜಡ್‌ಎಫ್ ಮಾತ್ರ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತೆ. ಟ್ಯೂನ್ ಆದ ಗಾಡಿಗೆ ಇನ್ನೂ ಬೇಗ ಮಾಡಿಸೋದು ಒಳ್ಳೇದು.

ನಮ್ಮ ಅಭಿಪ್ರಾಯ ಕೇಳಿದ್ರೆ: ಗಾಡಿ ಬೆಲೆ, ತೆರಿಗೆ, ವಿಮೆ ಎಲ್ಲಾ ಕಟ್ಟಿದ ಮೇಲೂ ಕೈಯಲ್ಲಿ ಮೂರ್ನಾಲ್ಕು ಲಕ್ಷ ರಿಪೇರಿಗೆ ಅಂತ ಬೇರೆ ಇಡೋಕಾದ್ರೆ, ಅದೂ ಅಂಗಡಿ ಬಂಡವಾಳ ಮುಟ್ಟದೆ, ಆಗ ನೋಡಿ. ಸಾಲ ಮಾಡಿ ಹತ್ತೋ ಗಾಡಿ ಇದಲ್ಲ. ಟ್ಯೂನ್ ಆಗದ, ಕೆಎ ನಂಬರಿನ, ಡೀಲರ್ ಹತ್ತಿರವೇ ಸರ್ವೀಸ್ ಆದ ಗಾಡಿ ಎರಡು ಲಕ್ಷ ಜಾಸ್ತಿ ಹೇಳಿದ್ರೂ ಅದೇ ಸೋವಿ.

ಫೋನ್ ಮಾಡಿದ್ದ ಹಾರ್ಡ್‌ವೇರ್ ಅಂಗಡಿಯವರು ಹೋದ ವಾರ ಗಾಡಿ ನೋಡೋಕೆ ಮೆಕ್ಯಾನಿಕ್ ಕರ್ಕೊಂಡು ಬೆಂಗಳೂರಿಗೆ ಹೋಗಿದ್ರು. ಬಾನೆಟ್ ಮುಟ್ಟಿದ್ರೆ ಬಿಸಿ. “ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ” ಅಂದಿದ್ದಕ್ಕೆ, “ನಾಳೆ ಬೇರೆ ಪಾರ್ಟಿ ಬರ್ತಿದ್ದಾರೆ ಸಾರ್” ಅನ್ನೋ ಉತ್ತರ ಬಂತಂತೆ. ವಾಪಸ್ ಬರುವಾಗ ಗುಬ್ಬಿ ಹತ್ತಿರ ಕಾಫಿಗೆ ನಿಲ್ಲಿಸಿ ನಮಗೆ ಫೋನ್ ಮಾಡಿದ್ರು. ಹಳೇ ಇನ್ನೋವಾಕ್ಕೆ ಹೊಸ ಟೈರ್ ಹಾಕ್ಸಿದ್ದಾರೆ. ಕೆಎ ನಂಬರಿನ ಗಾಡಿ ಇದ್ರೆ ತಿಳಿಸಿ ಅಂದಿದ್ದಾರೆ.