ಮೀಟು ಮತ್ತು ಎಳೆತ

ವೀಣೆಯ ಬಾನಿಗಳನ್ನು ತುಲನೆ ಮಾಡುವವರು ಗಮಕದಲ್ಲಿ ಭಾವವಿದೆ, ಮೀಟಿನಲ್ಲಿ ಬರಿಯ ಚಮತ್ಕಾರವಿದೆ ಎಂದು ತೀರ್ಮಾನಿಸಿಬಿಡುವುದುಂಟು. ಇದು ಮೈಸೂರು ಬಾನಿಗೆ ಮಾಡಿದ ಅನ್ಯಾಯ. ವೀಣೆ ಶೇಷಣ್ಣನವರ (1852–1926) ಶಿಷ್ಯರು ವೆಂಕಟಗಿರಿಯಪ್ಪನವರು. ಅವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್ಯರು (1920–1997). ಈ ಪರಂಪರೆಯಲ್ಲಿ ಗಮಕವಿಲ್ಲವೆಂದಲ್ಲ. ಆದರೆ ಸ್ವರಗಳು ಮೀಟಿನಿಂದಲೇ ಬಿಡಿಬಿಡಿಯಾಗಿ, ಸ್ಫುಟವಾಗಿ ಮೂಡುತ್ತವೆ. ಗುರುವಿಲ್ಲದೆ ಕಲಿತ ಮದರಾಸಿನ ಎಸ್. ಬಾಲಚಂದರರ (1927–1990) ದಾರಿಯೇ ಬೇರೆ: ಒಮ್ಮೆ ಮೀಟಿ, ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಕ್ಕೆಳೆದು ಹಲವು ಸ್ವರಗಳನ್ನು ಹೊರಡಿಸುವರು. ಬಿಗಿ ಹೆಚ್ಚಿದಂತೆ ತಂತಿಯ ಸ್ವರವೇರುವುದಷ್ಟೆ. ಅಮೆರಿಕದ ಗಿಟಾರ್ ವಾದಕರಾದ ಬಿ. ಬಿ. ಕಿಂಗ್ (1925–2015), ರಾಕ್ ಸಂಗೀತದ ಜಿಮಿ ಹೆಂಡ್ರಿಕ್ಸ್ (1942–1970) ಇವರ ವಾದನದ ಆರ್ತಧ್ವನಿಯೂ ಬಹುಮಟ್ಟಿಗೆ ಇಂತಹ ಎಳೆತದಿಂದಲೇ ಹುಟ್ಟಿದುದು. ಆದರೆ ಅವರ ನಾದಕ್ಕೆ ವಿದ್ಯುತ್ತಿನ ಆಸರೆಯುಂಟು. ಎಳೆದ ಸ್ವರ ದೀರ್ಘಕಾಲ ನಿಲ್ಲುತ್ತದೆ. ವೀಣೆಯ ನಾದವಾದರೋ ಬೇಗನೆ ಕ್ಷೀಣಿಸುವುದು. ಕ್ಷೀಣಿಸುವುದನ್ನು ಹಿಡಿದೆಳೆಯದೆ ಮತ್ತೆ ಮೀಟುವುದು ಮೈಸೂರಿನವರು ಕಂಡುಕೊಂಡ ಮಾರ್ಗ.

ಬಾಲಚಂದರರನ್ನು ಕೇಳುವಾಗ ಗಂಟಲು ಬಿಗಿಯುತ್ತದೆ. ಅಯ್ಯಂಗಾರ್ಯರ ತಾನವನ್ನು ಕೇಳುವಾಗ ಮನಸ್ಸು ತಿಳಿಯಾಗುತ್ತದೆ. ಈ ತಿಳಿತನವು ಭಾವವಲ್ಲವೆ? ಧನಂಜಯನು ನಾಟ್ಯದಲ್ಲಿ ಶಾಂತರಸವನ್ನು ಒಪ್ಪಲಿಲ್ಲ, ಅಭಿನವಗುಪ್ತನು ಒಪ್ಪಿದನು. ವೀಣೆಯ ಮಟ್ಟಿಗೆ ನಾನು ಅಭಿನವಗುಪ್ತನ ಪಕ್ಷ.